‘ಪಾಲು’ ಕಥೆಯ ರಿಪೇರಿ: ಬಿಚ್ಚಿದ್ದು, ತೆಗೆದದ್ದು, ವಾಪಸ್ ಹಾಕಿದ್ದು

ಕೆಲಸಕ್ಕೆ ಎತ್ತಿಕೊಂಡದ್ದು ಒಂದು ಸಣ್ಣಕಥೆ. ಹೆಸರು ‘ಪಾಲು’. ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಮನೆ. ಅಣ್ಣ ದಾಮು, ತಮ್ಮ ಗಜಾನನ, ಅಪ್ಪ ಬಿಟ್ಟುಹೋದ ಒಂದು ಬೋಟು. ತಮ್ಮನಿಗೆ ಒಂದು ಮಾತೂ ಹೇಳದೆ ಅಣ್ಣ ಬೋಟು ಮಾರಲು ಒಪ್ಪಿಕೊಂಡುಬಿಟ್ಟಿದ್ದಾನೆ. ಕಥೆ ಇಷ್ಟೇ. ಉದ್ದ ಸುಮಾರು ನಾಲ್ಕು ಸಾವಿರ ಪದ. ಬರೆದು ಬಹಳ ಕಾಲ ಆಗಿತ್ತು, ಆಗಾಗ ತೆರೆದು ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಮುಚ್ಚಿಡುತ್ತಿದ್ದೆ. ಈ ಮಳೆಗಾಲದಲ್ಲಿ ಪೂರ್ತಿ ಬಿಚ್ಚಿ ನೋಡಲೇಬೇಕು ಎಂದು ಕೂತೆ. ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ. ತಾವು ಬರೆದದ್ದನ್ನು ತಾವೇ ತಿದ್ದಲು ಒದ್ದಾಡುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಬಹುದು.

ಮೊದಲು ತೊಂದರೆ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ರಾತ್ರಿ ಊಟ ಮುಗಿಸಿ ಓದಿದರೆ ಕಥೆ ಚೆನ್ನಾಗಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅದೇ ಪುಟ ತೆರೆದರೆ ಇದನ್ನು ಯಾರಿಗೂ ತೋರಿಸುವುದೇ ಬೇಡ ಅನಿಸುತ್ತದೆ. ಫೈಲು ಅದೇ, ಒಂದಕ್ಷರ ಬದಲಾಗಿಲ್ಲ. ಬದಲಾದದ್ದು ಓದುವ ನಾನು. ಅಂದಮೇಲೆ ಆ ಹೊತ್ತಿನ ಅನಿಸಿಕೆ ನಂಬಿಕೊಂಡು ತಿದ್ದಲು ಹೋದರೆ ನನ್ನ ಮೂಡು ಸರಿಯಾಗುತ್ತದೆ ಅಷ್ಟೇ, ಕಥೆ ಇದ್ದಲ್ಲೇ ಇರುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ‘ಗಜಾನನ ಬಾಗಿಲಲ್ಲಿ ನಿಂತ’ ಎಂದು ಪುಟದಲ್ಲಿದ್ದರೆ ನನಗೆ ಆ ಬಾಗಿಲಿನ ಬಣ್ಣ, ಮೊಳೆಗೆ ನೇತುಹಾಕಿದ ರೇನ್‌ಕೋಟು, ಅದರಿಂದ ತೊಟ್ಟಿಕ್ಕುವ ನೀರು ಎಲ್ಲ ಕಾಣುತ್ತದೆ. ಪುಟದಲ್ಲಿ ಅದ್ಯಾವುದೂ ಇಲ್ಲ. ಬರೆದವರ ಕಣ್ಣು ಇಲ್ಲದ್ದನ್ನೆಲ್ಲ ತುಂಬಿಸಿಕೊಂಡು ಓದುತ್ತದೆ.

ಹಾಗಾಗಿ ಈ ಸಲ ಒಂದು ನಿಯಮ ಮಾಡಿಕೊಂಡೆ. ‘ಚೆನ್ನಾಗಿದೆಯಾ?’ ಎಂಬ ಪ್ರಶ್ನೆ ಕೇಳುವಂತಿಲ್ಲ. ಪುಟದ ಮೇಲೆ ಬೆರಳಿಟ್ಟು ಉತ್ತರ ತೋರಿಸಲು ಆಗುವಂಥ ಪ್ರಶ್ನೆ ಮಾತ್ರ ಕೇಳಬೇಕು. ಇದು ಯಾವ ತಿಂಗಳು? ಈ ಮಾತು ಆಡಿದವರು ಯಾರು? ಈ ಸಾಲಿನ ಮುಂಚೆ ಗಜಾನನನಿಗೆ ಏನು ಗೊತ್ತಿತ್ತು, ಆಮೇಲೆ ಏನು ಗೊತ್ತಾಯಿತು? ಇಂಥವು. ರಾತ್ರಿ ಕೇಳಿದರೂ ಬೆಳಿಗ್ಗೆ ಕೇಳಿದರೂ ಉತ್ತರ ಅದೇ ಬರುತ್ತದೆ.

ಮತ್ತೆ ಟೈಪ್ ಮಾಡಿದ್ದು

ಕಥೆಯ ಮೊದಲರ್ಧ ಹಳೆಯ ನುಡಿ ಫಾಂಟಿನಲ್ಲಿತ್ತು, ಉಳಿದದ್ದು ಯೂನಿಕೋಡ್. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ, ಎಷ್ಟೋ ಜನರಿಗೆ ಗೊತ್ತಿರುತ್ತದೆ. ಕನ್ವರ್ಟರಿಗೆ ಹಾಕಿದರೆ ಹೆಚ್ಚುಕಡಿಮೆ ಸರಿಯಾಗುತ್ತದೆ, ಅಲ್ಲಲ್ಲಿ ಒತ್ತಕ್ಷರ ಕೈಕೊಡುತ್ತದೆ. ನಾನು ಕನ್ವರ್ಟರ್ ಬಿಟ್ಟು ಪ್ರಿಂಟ್ ತೆಗೆಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಬದಿಗೆ ಜಾಸ್ತಿ ಜಾಗ ಬಿಡಿಸಿ, ಅಕ್ಷರ ದೊಡ್ಡದು ಮಾಡಿಸಿ, ಒಂದೇ ಬದಿಗೆ. ಆ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಇಡೀ ಕಥೆಯನ್ನು ಖಾಲಿ ಫೈಲಿನಲ್ಲಿ ಮೊದಲಿನಿಂದ ಟೈಪ್ ಮಾಡಿದೆ.

ಇದು ಸುಮ್ನೆ ದುಡಿಮೆ ಅನಿಸಬಹುದು. ಆದರೆ ಓದುವಾಗ ಕಣ್ಣು ಜಾರಿಕೊಂಡು ಹೋಗುವ ಸಾಲಿನಲ್ಲಿ ಬೆರಳು ನಿಲ್ಲುತ್ತದೆ. ಯಾವ ಸಾಲನ್ನು ಮತ್ತೆ ಟೈಪ್ ಮಾಡಲು ಬೇಸರ ಬರುತ್ತದೋ ಅದರ ಪಕ್ಕ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಹಾಕುತ್ತಾ ಹೋದೆ. ಜುಲೈನಲ್ಲಿ ಕಾರವಾರದ ಹವೆಗೆ ಹಾಳೆಯೂ ಮೆತ್ತಗಾಗಿರುತ್ತದೆ, ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ಲೇ ಒಳ್ಳೆಯದು. ಮುಗಿದ ಮೇಲೆ ನೋಡಿದರೆ ಗೀಟುಗಳು ಎಲ್ಲ ಕಡೆ ಹರಡಿರಲಿಲ್ಲ. ಎರಡು ಜಾಗದಲ್ಲಿ ಒತ್ತಾಗಿ ಗುಂಪು ಕಟ್ಟಿಕೊಂಡಿದ್ದವು. ಒಂದು ಶುರುವಿನ ಪುಟ, ಇನ್ನೊಂದು ಎರಡನೇ ಭಾಗ.

ಎರಡನೇ ಭಾಗದಲ್ಲಿ ಅಣ್ಣ ತಮ್ಮಂದಿರ ಬಾಲ್ಯ ಇತ್ತು. ಅಪ್ಪನ ಜೊತೆ ಬಂದರಿಗೆ ಹೋಗುವುದು, ಬಂಗಡೆಯ ಬುಟ್ಟಿ, ಅಪ್ಪನ ಸಾವು. ನನಗೆ ಬಹಳ ಇಷ್ಟದ ಭಾಗ. ಅದನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷೆ ಮಾಡಿದೆ. ಹಾಳೆ, ಫೈಲು ಎರಡನ್ನೂ ಮುಚ್ಚಿಟ್ಟು ಶಾಲೆಯ ನೋಟ್‌ಬುಕ್ಕಿನಲ್ಲಿ ಕಥೆಯನ್ನು ನೆನಪಿನಿಂದ ಬರೆದೆ. ಯಾರಿಗೋ ಹೇಳುವ ಹಾಗೆ, ಏನಾಯಿತು, ಆಮೇಲೆ ಏನಾಯಿತು, ಅಷ್ಟೇ. ಬೋಟು ಅಳೆಯಲು ಬಂದವನ ಟೇಪು ಬಂತು. ದಾಮುವಿನ ಹೆಂಡತಿ ಅಡವಿಟ್ಟ ಸರ ಬಂತು. ಸದಾಶಿವಗಡಕ್ಕೆ ಹೋಗಿ ಬರುವುದು ಬಂತು. ಬಾಲ್ಯದ ಏಳುನೂರು ಪದದಲ್ಲಿ ಒಂದೇ ಒಂದು ವಿಷಯ ಬಂತು: ಬೋಟಿಗೆ ಬಣ್ಣ ಹಚ್ಚುವಾಗ ಹೆಸರಿನ ಅಕ್ಷರಗಳನ್ನು ಅಪ್ಪ ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ ಎಂಬುದು. ಉಳಿದದ್ದು ಬರೆದವಳಿಗೇ ನೆನಪಾಗಲಿಲ್ಲ ಅಂದರೆ ಕಥೆ ಅದರ ಮೇಲೆ ನಿಂತಿಲ್ಲ. ಎರಡನೇ ಭಾಗ ಪೂರ್ತಿ ತೆಗೆದೆ.

ತೆಗೆದದ್ದನ್ನು ಅಳಿಸಲಿಲ್ಲ. ‘ಕತ್ತರಿಸಿದ್ದು’ ಎಂಬ ಹೆಸರಿನ ಬೇರೆ ಫೈಲಿಗೆ ಹಾಕಿದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಮಾಡಿ. ಅಲ್ಲೇ ಇದೆ, ಬೇಕಾದರೆ ವಾಪಸ್ ತರಬಹುದು ಎಂದು ಗೊತ್ತಿದ್ದರೆ ಕೈ ಧೈರ್ಯವಾಗಿ ಕತ್ತರಿಸುತ್ತದೆ. ರವೀಂದ್ರನಾಥ ಟ್ಯಾಗೋರರು ತಮ್ಮ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದಲ್ಲಿ, ಕಾರವಾರಕ್ಕೆ ಬಂದು ಉಳಿದಿದ್ದರು, ನಮ್ಮ ಕಡಲತೀರಕ್ಕೆ ಅವರದೇ ಹೆಸರು. ಅವರು ಮುಂದೆ ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳ ಗೀಚನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಪ್ರಾಣಿ, ಮುಖ ಮಾಡುತ್ತಿದ್ದರು. ಚಿತ್ರಕಾರರಾಗುವ ದಾರಿ ಅವರಿಗೆ ಅಲ್ಲಿಂದಲೂ ತೆರೆಯಿತು. ಆ ಪುಟಗಳ ಫೋಟೋ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಹೊಡೆದುಹಾಕಿದ ಸಾಲಿನ ಮೇಲೆ ಅಷ್ಟು ಹೊತ್ತು ಕೈಯಾಡಿಸಿ ಕೂರುವ ತಾಳ್ಮೆ ಇದೆಯಲ್ಲ, ಅದು ಬೇಕು.

ಶುರುವಿನ ಪುಟ

ಮೊದಲ ಪ್ಯಾರಾ ಹೀಗಿತ್ತು:

‘ಮುಗಿಲು ತನ್ನೊಡಲ ನೋವನ್ನೆಲ್ಲ ಕಡಲಿಗೆ ಸುರಿಯುತ್ತಿತ್ತು. ಅಲೆಗಳು ಯಾವುದೋ ಹಳೆಯ ಹಾಡನ್ನು ಗುನುಗುತ್ತಿದ್ದವು. ದಡದಲ್ಲಿ ಒಂಟಿ ದೋಣಿಯೊಂದು ಯಾರಿಗೋ ಕಾಯುತ್ತಿರುವಂತೆ ನಿಂತಿತ್ತು. ಗಜಾನನ ನಿಟ್ಟುಸಿರಿಟ್ಟ.’

ಈ ಪ್ಯಾರಾದ ಮೇಲೆ ನಾನು ಕಥೆಯ ಬೇರೆ ಯಾವ ಭಾಗಕ್ಕಿಂತ ಜಾಸ್ತಿ ಹೊತ್ತು ಕೂತಿದ್ದೆ. ಓದಲು ಇಂಪಾಗಿಯೂ ಇದೆ. ಅದಕ್ಕೆ ಕೇಳಿದ ಪ್ರಶ್ನೆ ಒಂದೇ: ಇದನ್ನು ಹೀಗೇ ಕಿತ್ತು ಬೇರೊಂದು ಕಥೆಯ ತಲೆಗೆ ಅಂಟಿಸಬಹುದಾ? ಅಂಟಿಸಬಹುದು. ಹೊನ್ನಾವರದ ಕಥೆಗೂ ಆಗುತ್ತದೆ, ಮಲ್ಪೆಯ ಕಥೆಗೂ ಆಗುತ್ತದೆ. ಗಜಾನನ ಎಂಬ ಹೆಸರು ಬದಲಿಸಿದರೆ ಪ್ರೇಮದ ಕಥೆಗೂ ಆಗುತ್ತದೆ. ಎಲ್ಲಿಗೆ ಬೇಕಾದರೂ ಹೊಂದುವ ಪ್ಯಾರಾ ಅಂದರೆ ಈ ಕಥೆಯದ್ದಲ್ಲ.

ಇನ್ನೊಂದು ವಿಷಯ ಗಮನಕ್ಕೆ ಬಂತು. ‘ಯಾವುದೋ’, ‘ಯಾರಿಗೋ’. ಸರ್ಚ್ ಹಾಕಿ ನೋಡಿದರೆ ಇಡೀ ಕಥೆಯ ತುಂಬ ಇಂಥವು: ಯಾಕೋ, ಏನೋ ಒಂದು, ಎಲ್ಲೋ, ಯಾವುದೋ. ಒಂದೊಂದರ ಹತ್ತಿರ ನಿಂತು, ಯಾವುದು? ಯಾರಿಗೆ? ಎಂದು ಕೇಳುತ್ತಾ ಹೋದೆ. ಉತ್ತರ ಗೊತ್ತಿದ್ದ ಕಡೆ ಉತ್ತರವನ್ನೇ ಬರೆದೆ. ಗೊತ್ತಿಲ್ಲದ ಕಡೆ ಸಾಲು ತೆಗೆದೆ. ಗಜಾನನನಿಗೇ ನಿಜವಾಗಿ ಗೊತ್ತಿಲ್ಲದ ಒಂದೆರಡು ಕಡೆ ಮಾತ್ರ ಹಾಗೇ ಬಿಟ್ಟೆ. ಈ ಒಂದು ಸರ್ಚಿನಿಂದ ಕಥೆಗೆ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ ಎಂದರೂ ತಪ್ಪಿಲ್ಲ.

ಈಗ ಕಥೆ ಶುರುವಾಗುವುದು ಹೀಗೆ:

‘ಟೇಪು ಹಿಡಿದವನು ಬೋಟಿನ ಸುತ್ತ ಒಂದು ಸುತ್ತು ಬಂದ. ಬುಡದಲ್ಲಿ ಕೂತು ಪ್ರೊಪೆಲ್ಲರನ್ನು ಬೆರಳಿನಿಂದ ತಟ್ಟಿ ನೋಡಿದ. ಯಾರು ನೀವು ಎಂದು ಗಜಾನನ ಕೇಳುವಷ್ಟರಲ್ಲಿ, ದಾಮು ಕಳಿಸಿದ್ದು, ಅಂದ.’

ಹಳೆಯದರಲ್ಲಿ ಈ ಮನುಷ್ಯ ಬರುತ್ತಿದ್ದದ್ದು ನಾಲ್ಕನೇ ಪುಟದಲ್ಲಿ. ಅಲ್ಲಿಯವರೆಗೆ ಮಳೆ, ಕಡಲು, ನೆನಪು. ಅವನನ್ನು ಎತ್ತಿ ಮುಂದೆ ತಂದದ್ದಕ್ಕೆ ಕಥೆ ಮೂರು ಪುಟ ಸಣ್ಣದಾಯಿತು, ಓದುವವರಿಗೆ ಕೇಳಲು ಒಂದು ಪ್ರಶ್ನೆಯೂ ಸಿಕ್ಕಿತು.

ತಿಂಗಳು, ವರ್ಷ, ಸೇತುವೆ

ಇದು ನನಗೆ ಬಹಳ ಮುಖ್ಯವಾದ ಭಾಗ, ಸ್ವಲ್ಪ ಉದ್ದ ಆಗುತ್ತದೆ.

ಪಕ್ಕದ ಮನೆಯವರು ಬಹಳ ವರ್ಷ ಬೋಟಿನಲ್ಲಿ ದುಡಿದವರು. ಕಥೆಯ ಎರಡು ಪುಟ ಅವರಿಗೆ ಓದಿ ಹೇಳಿದೆ. ಕಥೆ ಹೇಗಿದೆ ಎಂದು ಕೇಳಲಿಲ್ಲ, ಇದರಲ್ಲಿ ಆಗದೇ ಇರುವಂಥದ್ದು ಏನಾದರೂ ಇದೆಯಾ ಎಂದಷ್ಟೇ ಕೇಳಿದೆ. ಅವರು ಬೀಡಿ ಆರಿಸಿ, “ಜುಲೈ ತಿಂಗ್ಳಲ್ಲಿ ಬೋಟು ಎಲ್ಲಿಂದ ಬಂತು ಅಕ್ಕೋರೇ?” ಅಂದರು.

ವಿಷಯ ಏನೆಂದರೆ ಮೊದಲ ಕರಡಿನಲ್ಲಿ ತಿಂಗಳೇ ಇರಲಿಲ್ಲ. ದಾಮು ಮೀನು ತುಂಬಿಕೊಂಡು ದಡಕ್ಕೆ ಬರುವ ಒಂದು ದೃಶ್ಯ ಇತ್ತು. ನಡುವೆ ಯಾವತ್ತೋ ತಿದ್ದುವಾಗ ಕಥೆಗೆ ಮಳೆ ಸೇರಿಕೊಂಡಿದೆ, ಜುಲೈ ಎಂಬ ಪದವೂ ಬಂದಿದೆ, ಬೋಟು ಮಾತ್ರ ಕಡಲಲ್ಲೇ ಉಳಿದಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಲು ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಸಣ್ಣ ಸಾಂಪ್ರದಾಯಿಕ ದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಇಂಜಿನ್ನಿನವುಗಳಿಗೆ ಮಾತ್ರ ಬಿಡುತ್ತಾರೆ. ಕರಾವಳಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಕಾಗದದ ಮೇಲೆ ಮಾತ್ರ ತಪ್ಪಿಸಿಕೊಂಡು ಹೋಗಿತ್ತು.

ತಿಂಗಳನ್ನು ಸೆಪ್ಟೆಂಬರ್ ಎಂದು ಮಾಡಿದರೆ ಒಂದು ನಿಮಿಷದ ಕೆಲಸ. ಹಾಗೆ ಮಾಡಲು ಹೊರಟವಳು ತಡೆದುಕೊಂಡೆ. ಜುಲೈ ಹಾಗೇ ಇರಲಿ, ಬೋಟನ್ನೇ ದಡಕ್ಕೆ ಎಳೆದರೆ ಏನಾಗುತ್ತದೆ? ಆಗ ದಾಮುವಿಗೆ ಹೋಗಲು ಕಡಲಿಲ್ಲ. ಹೊರ ರಾಜ್ಯದಿಂದ ಬಂದ ಕೆಲಸದವರು ಊರಿಗೆ ಹೋಗಿದ್ದಾರೆ. ಮನೆಯಲ್ಲಿ ದುಡ್ಡು ಬರುವ ದಾರಿ ಇಲ್ಲ, ಆದರೆ ಬಲೆಯ ರಿಪೇರಿ, ಇಂಜಿನ್ ಕೆಲಸ, ಬಣ್ಣ ಎಲ್ಲದಕ್ಕೂ ಖರ್ಚು ಮಾಡಬೇಕಾದದ್ದು ಈಗಲೇ. ಅಣ್ಣ ತಮ್ಮ ಇಬ್ಬರೂ ಎರಡು ತಿಂಗಳು ಒಂದೇ ಸೂರಿನ ಕೆಳಗೆ, ಒಬ್ಬರಿಂದ ಒಬ್ಬರು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೋಟು ತಾಡಪತ್ರಿ ಹೊದ್ದುಕೊಂಡು ದಡದಲ್ಲಿದೆ, ಬೇಕಾದವರು ಬಂದು ಅಳೆದು ನೋಡಬಹುದು.

ಅಲ್ಲಿಗೆ ಕಥೆ ತಾನಾಗಿ ಬಿಗಿಯಾಯಿತು. ದಾಮು ಯಾಕೆ ಈಗಲೇ ಮಾರುತ್ತಾನೆ ಎಂಬುದನ್ನು ವಿವರಿಸಲು ಹಳೆಯ ಕರಡಿನಲ್ಲಿ ಒಂದು ಉದ್ದ ಸಂಭಾಷಣೆ ಇತ್ತು. ಅದು ಬೇಕಾಗಲೇ ಇಲ್ಲ, ತಿಂಗಳೇ ಅದನ್ನು ಹೇಳುತ್ತದೆ. ತಮ್ಮ ಊರಿನ ಬಗ್ಗೆ ಬರೆಯುವವರಿಗೆ ನನ್ನ ಒಂದು ಕೋರಿಕೆ: ವಾಸ್ತವದ ವಿವರ ಕಥೆಗೆ ಅಡ್ಡ ಬಂದಾಗ ಅದನ್ನು ಸುತ್ತಿಕೊಂಡು ಹೋಗಬೇಡಿ. ಅದರ ಮಾತು ಕೇಳಿ ನೋಡಿ. ಎಷ್ಟೋ ಸಲ ಕಥೆಗೆ ಬೇಕಾದ ಕಾರಣ ಅಲ್ಲೇ ಇರುತ್ತದೆ.

ತಿಂಗಳಾಯಿತು, ವರ್ಷ? ಗಜಾನನ ಬೈಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ದಾಟುತ್ತಾನೆ. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು, ಮೇಲಿದ್ದ ಲಾರಿಯೂ ನದಿಗೆ ಬಿತ್ತು, ಚಾಲಕರನ್ನು ಬದುಕಿಸಿದರು. ಹಾಗಾಗಿ ಕಥೆ ಅದಕ್ಕಿಂತ ಮುಂಚಿನದಾಗಬೇಕು. 2024ರ ಜುಲೈ ಅನ್ನೋಣ ಅಂದರೆ ಆ ತಿಂಗಳ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಮೇಲೆ, ಗಂಗಾವಳಿ ನದಿಯ ಪಕ್ಕದಲ್ಲೇ. ಜನ ತೀರಿಕೊಂಡರು, ಎಷ್ಟೋ ದಿನ ಹುಡುಕಾಟ ನಡೆಯಿತು. ಆ ತಿಂಗಳಲ್ಲಿ ಈ ಜಿಲ್ಲೆಯ ಯಾವ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಅದನ್ನು ಬಿಟ್ಟು ಆ ಜುಲೈ ಬರೆದರೆ ಸುಳ್ಳಾಗುತ್ತದೆ. ಸೇರಿಸಿದರೆ ಅಷ್ಟು ಜನರ ದುಃಖ ನನ್ನ ಕಥೆಯ ಹಿಂದಿನ ಪರದೆ ಆಗುತ್ತದೆ, ಅದು ನನಗೆ ಬೇಡ. 2023 ಎಂದು ಗಟ್ಟಿ ಮಾಡಿಕೊಂಡೆ. ಕಥೆಯಲ್ಲಿ ಎಲ್ಲೂ ವರ್ಷ ಬರೆದಿಲ್ಲ, ನನ್ನ ಹಾಳೆಯ ಮೇಲ್ಗಡೆ ಮಾತ್ರ ಬರೆದಿದ್ದೇನೆ. ಆದರೂ ಅದರಿಂದ ಎಲ್ಲ ಗಟ್ಟಿಯಾಯಿತು. ಯಾವ ಸೇತುವೆ, ಯಾರ ಕೈಯಲ್ಲಿ ಯಾವ ಫೋನು, ಮಕ್ಕಳು ಯಾವ ತರಗತಿ, ಯಾವುದಕ್ಕೂ ತಡವರಿಸಬೇಕಾಗಿಲ್ಲ.

ಕಿವಿಗೆ ಹಾಕಿದ್ದು

ನಮ್ಮ ಕಥೆಯನ್ನು ನಾವೇ ಗಟ್ಟಿಯಾಗಿ ಓದುವುದು ಒಳ್ಳೆಯದು, ಆದರೆ ಅಷ್ಟು ಸಾಕಾಗುವುದಿಲ್ಲ. ನಾವು ಓದುವಾಗ ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಬೇಕು ಎಂದು ಗೊತ್ತಿರುತ್ತದೆ. ಪುಟದಲ್ಲಿ ಇಲ್ಲದ ಭಾವವನ್ನು ಗಂಟಲು ಕೊಟ್ಟುಬಿಡುತ್ತದೆ. ಅದಕ್ಕೇ ಫೋನಿನ ಕನ್ನಡ ದನಿಗೆ ಓದಲು ಕೊಟ್ಟೆ. ಅದು ಯಾವ ಭಾವವೂ ಇಲ್ಲದೆ ಓದುತ್ತದೆ, ನಮಗೆ ಬೇಕಾದದ್ದೂ ಅದೇ. ಅಡುಗೆ ಮಾಡುತ್ತಾ ಕೇಳಿದೆ. ಒಂದು ಕಡೆ ಕಿವಿ ಸಿಕ್ಕಿಹಾಕಿಕೊಂಡಿತು (ವಹಿನಿ ಅಂದರೆ ಅತ್ತಿಗೆ, ದಾಮುವಿನ ಹೆಂಡತಿ):

‘ಒಳಗೆ ಕತ್ತಲೆ ಇತ್ತು. ಮೂಲೆಯಲ್ಲಿ ಬಲೆ ಇತ್ತು. ಬಲೆಗೆ ಉಪ್ಪಿನ ವಾಸನೆ ಇತ್ತು. ವಹಿನಿಯ ಮುಖದಲ್ಲಿ ಬೇಸರ ಇತ್ತು.’

ಕಣ್ಣಿಗೆ ಇದು ಸಿಕ್ಕಿರಲೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪ್ರತಿ ವಾಕ್ಯವೂ ಒಂದೇ ಸದ್ದಿನಲ್ಲಿ ಬಾಗಿಲು ಮುಚ್ಚಿದ ಹಾಗಾಗುತ್ತದೆ. ಇತ್ತು, ಇತ್ತು, ಇತ್ತು. ಬೇರೆ ಪುಟದಲ್ಲಿ ಬಂದ, ಕೂತ, ನೋಡಿದ, ಎದ್ದ. ಇದಕ್ಕೆ ಮದ್ದು ನಮ್ಮ ಭಾಷೆಯಲ್ಲೇ ಬೇಕಾದಷ್ಟು ಇದೆ. ಕ್ರಿಯಾಪದ ಬಿಟ್ಟುಬಿಡಬಹುದು, ‘ಒಳಗೆ ಕತ್ತಲೆ’ ಅಂದರೆ ಸಾಕು. ‘ಬಂದು ಕೂತು’ ಎಂದು ಪೋಣಿಸಬಹುದು. ಮಾತಿನಲ್ಲಿ ಮಾಡುವ ಹಾಗೆ ಕ್ರಿಯಾಪದವನ್ನು ಮುಂದಕ್ಕೆ ತಂದು ‘ಬಂದ ಅವನೂ’ ಅನ್ನಬಹುದು. ಆ ಪ್ಯಾರಾ ಈಗ ಹೀಗಿದೆ:

‘ಒಳಗೆ ಕತ್ತಲೆ. ಮೂಲೆಯ ಬಲೆಯಿಂದ ಉಪ್ಪಿನ ವಾಸನೆ ಬರುತ್ತಿತ್ತು. ವಹಿನಿ ಅವನ ಕಡೆ ನೋಡದೆ ಒಣಮೀನಿನ ಡಬ್ಬಿಯ ಮುಚ್ಚಳ ಒತ್ತಿದಳು.’

ಸದ್ದು ಸರಿ ಮಾಡಲು ಹೋಗಿ ಇನ್ನೊಂದು ಲಾಭವೂ ಆಯಿತು. ‘ಮುಖದಲ್ಲಿ ಬೇಸರ ಇತ್ತು’ ಎಂಬುದಕ್ಕೆ ಬೇರೆ ಕ್ರಿಯಾಪದ ಹುಡುಕುತ್ತಾ ಹೋದರೆ ಅವಳು ಏನು ಮಾಡುತ್ತಿದ್ದಾಳೆ ಎಂದು ನೋಡಲೇಬೇಕಾಯಿತು. ಮಳೆಗಾಲದಲ್ಲಿ ಒಣಮೀನಿಗೆ ಗಾಳಿ ತಾಗಬಾರದು, ಮುಚ್ಚಳ ಗಟ್ಟಿಯಾಗಿ ಒತ್ತಬೇಕು. ಒತ್ತಿದಳು. ಬೇಸರ ಅಲ್ಲೇ ಬಂತು.

ಫೋನಿನಲ್ಲಿ ಕೇಳುವಾಗ ಸಿಕ್ಕ ಮತ್ತೊಂದು ವಿಷಯ, ಅಪ್ಪನಿಗೆ ಬಳಸಿದ ರೂಪ. ಒಂದು ಕಡೆ ‘ಅಪ್ಪ ಬಂದ’, ಇನ್ನೊಂದು ಕಡೆ ‘ಅಪ್ಪ ಹೇಳಿದರು’. ಗಜಾನನನ ಮನಸ್ಸಿನೊಳಗಿಂದ ಹೇಳುವ ಕಥೆಯಲ್ಲಿ ಎರಡೂ ಇರುವಂತಿಲ್ಲ. ಈ ಕಡೆ ಮಕ್ಕಳು ಅಪ್ಪನನ್ನು ಸಲಿಗೆಯಿಂದ ‘ಬಂದ’ ಎನ್ನುವ ಮನೆಗಳೇ ಜಾಸ್ತಿ. ಎಲ್ಲ ಏಕವಚನಕ್ಕೆ ತಂದೆ. ಬೋಟು ಕೊಳ್ಳಲು ಬಂದವನು ಅಪ್ಪನ ಬಗ್ಗೆ ಮಾತಾಡುವಾಗ ಮಾತ್ರ ಬಹುವಚನ. ಆ ಗೌರವವೇ ಅವನು ಹೊರಗಿನವನು ಎಂದು ತೋರಿಸುತ್ತದೆ.

ಮಾತುಕತೆ ಕಷ್ಟವಾಯಿತು. ಈ ಕಥೆಯ ಮನೆಯವರು ನಿಜದಲ್ಲಿ ಮನೆಯೊಳಗೆ ಕೊಂಕಣಿ ಆಡುವವರು, ಪೇಟೆಯಲ್ಲಿ ಕನ್ನಡ. ನಾನು ಶಿರಸಿ ಕಡೆಯವಳು, ನನ್ನ ಕಿವಿಯಲ್ಲಿರುವ ಮಾತು ಬೇರೆ. ಕರಡಿನಲ್ಲಿ ಅಣ್ಣ ತಮ್ಮ ಇಬ್ಬರೂ ಪಠ್ಯಪುಸ್ತಕದ ಹಾಗೆ ಉದ್ದುದ್ದ ಮಾತಾಡುತ್ತಿದ್ದರು. ಕೊಂಕಣಿ ವಾಕ್ಯ ಹಾಕಿ ಕೆಳಗೆ ಅರ್ಥ ಕೊಡುವುದು ನನಗೆ ಹಿಡಿಸುವುದಿಲ್ಲ, ಓದು ಮುಗ್ಗರಿಸುತ್ತದೆ. ಕೊನೆಗೆ ಮಾಡಿದ್ದು ಇಷ್ಟು. ಅಣ್ಣನನ್ನು ಕರೆಯುವ ದಾದಾ, ಅತ್ತಿಗೆಯನ್ನು ಕರೆಯುವ ವಹಿನಿ ಎಂಬ ಪದಗಳನ್ನು ಇಟ್ಟುಕೊಂಡೆ. ಮಾತುಗಳನ್ನು ಸಣ್ಣ ಮಾಡಿದೆ. ದೂರದ ಜಿಲ್ಲೆಯ ಸೊಗಡು ಎಲ್ಲಾದರೂ ನುಸುಳಿದ್ದರೆ ತೆಗೆದೆ. ಇಬ್ಬರಲ್ಲಿ ಒಬ್ಬರ ಮಾತನ್ನು ಮುಚ್ಚಿ ಇನ್ನೊಬ್ಬರದನ್ನು ಮಾತ್ರ ಓದಿದರೆ ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗಬೇಕು, ಆ ಪರೀಕ್ಷೆ ಪ್ರತಿ ದೃಶ್ಯಕ್ಕೂ ಮಾಡಿದೆ. ದಾಮು ಕೇಳಿದ್ದಕ್ಕೆ ನೇರ ಉತ್ತರ ಕೊಡುವುದಿಲ್ಲ, ಗಜಾನನ ಅದೇ ಪ್ರಶ್ನೆ ಮತ್ತೆ ಕೇಳುತ್ತಾನೆ. ಇಷ್ಟು ಬೇರೆ ಮಾಡಿದ್ದೇ ಇಬ್ಬರೂ ಬೇರೆ ಬೇರೆ ಮನುಷ್ಯರಾದರು.

ಜಾಸ್ತಿ ತೆಗೆದದ್ದು, ವಾಪಸ್ ಹಾಕಿದ್ದು

ತಿದ್ದುವುದು ಒಂದು ಹದಕ್ಕೆ ಬಂದ ಮೇಲೆ ಕತ್ತರಿ ನಿಲ್ಲಿಸುವುದು ಕಷ್ಟ. ಎಲ್ಲ ಸಾಲೂ ಅನುಮಾನಕ್ಕೆ ಬೀಳುತ್ತದೆ. ಒಂದು ಹಂತದಲ್ಲಿ ಕಥೆ ಎರಡು ಸಾವಿರ ಪದಕ್ಕೆ ಬಂದು ನಿಂತಿತ್ತು. ತಪ್ಪು ತೋರಿಸಲು ಏನೂ ಇರಲಿಲ್ಲ, ಆದರೆ ಬೋಟು ಹೋದರೆ ಗಜಾನನನಿಗೆ ಏನು ನಷ್ಟ ಎಂದು ಪುಟದ ಮೇಲೆ ಬೆರಳಿಟ್ಟು ತೋರಿಸಲು ಆಗಲಿಲ್ಲ. ಇದೂ ಅದೇ ಬಗೆಯ ಪ್ರಶ್ನೆ. ಉತ್ತರ ಇರಲಿಲ್ಲ.

‘ಕತ್ತರಿಸಿದ್ದು’ ಫೈಲು ತೆರೆದೆ. ನೆನಪಿನಿಂದ ಬರೆದಾಗ ಉಳಿದುಕೊಂಡಿದ್ದ ಆ ಒಂದು ಸಾಲು ಅಲ್ಲಿತ್ತು. ಹೆಸರಿನ ಅಕ್ಷರಗಳನ್ನು ಅಪ್ಪ ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬಾಲ್ಯದ ಭಾಗ ವಾಪಸ್ ತರಲಿಲ್ಲ, ಈ ಸಾಲು ಮಾತ್ರ ತಂದೆ. ಎಲ್ಲಿ ಹಾಕುವುದು ಎಂದು ಹುಡುಕಿದೆ. ಶುರುವಿನಲ್ಲಿ ಹಾಕಿದರೆ ಬರೀ ಮಾಹಿತಿ ಆಗುತ್ತದೆ. ಕೊಳ್ಳುವವನು ಬೋಟಿನ ಮೂತಿಯ ಹತ್ತಿರ ನಿಂತು “ಹೆಸರು ಬದಲಾಯಿಸಬೇಕಾಗುತ್ತದೆ” ಅನ್ನುತ್ತಾನಲ್ಲ, ಅದರ ಬೆನ್ನಿಗೇ ಹಾಕಿದೆ. ಅಲ್ಲಿ ಅದು ಕೂತಿತು. ಏಳುನೂರು ಪದ ಮಾಡದ ಕೆಲಸ ಮಾಡುತ್ತಿದೆ.

ಹಳೆಯ ರೂಪಗಳನ್ನು ಉಳಿಸಿಕೊಳ್ಳಿ ಎನ್ನುವುದು ಇದಕ್ಕೇ. ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ವರ್ಷನ್ ಹಿಸ್ಟರಿ ತಾನಾಗಿಯೇ ಸಿಗುತ್ತದೆ. ಲಿಬ್ರೆ ಆಫೀಸಿನಲ್ಲಿ ಎರಡು ಫೈಲುಗಳನ್ನು ಹೋಲಿಸಿ ನೋಡುವ ಸೌಲಭ್ಯ ಇದೆ. ಎರಡೂ ಬೇಡವಾದರೆ ಪ್ರತಿ ಸಲ ತಾರೀಕು ಹಾಕಿ ಬೇರೆ ಹೆಸರಿನಲ್ಲಿ ಸೇವ್ ಮಾಡಿದರೂ ಸಾಕು. ‘ಫೈನಲ್’ ಎಂದು ಮಾತ್ರ ಹೆಸರಿಡಬೇಡಿ.

ಕೊನೆ

ಹಳೆಯ ಕೊನೆಯಲ್ಲಿ ಗಜಾನನ ಮಳೆಯಲ್ಲಿ ದಡದ ಮೇಲೆ ನಿಂತು ಅಳುತ್ತಿದ್ದ. ಶಿರಸಿಯಲ್ಲಿರುವ ಅತ್ತಿಗೆಗೆ ಕಳಿಸಿದೆ. ಅವಳು ಕಥೆ ಬರೆಯುವವಳಲ್ಲ, ಆದರೆ ಸಿಕ್ಕಿದ ಪತ್ರಿಕೆಯ ಕಥೆ ಒಂದನ್ನೂ ಬಿಡದೆ ಓದುತ್ತಾಳೆ. ನನಗೆ ಬೇಕಾದದ್ದು ಅಂಥ ಓದು. ಅವಳಿಗೂ ಹೇಗಿದೆ ಎಂದು ಕೇಳಲಿಲ್ಲ, ಎಲ್ಲಿ ಗೊತ್ತಾಗಲಿಲ್ಲ ಹೇಳು ಅಂದೆ. ವಾಟ್ಸಾಪಿನಲ್ಲಿ ದನಿ ಕಳಿಸಿದಳು: “ಚೊಲೋ ಇದ್ದು. ಆದ್ರೆ ಕಡಿಗೆ ಅಂವ ಎಂತಕ್ಕೆ ಅತ್ತ ಹೇಳೇ ಗೊತ್ತಾಜಿಲ್ಲೆ.”

ನನಗೆ ಗೊತ್ತಿತ್ತು ಅವನು ಯಾಕೆ ಅತ್ತ ಎಂದು. ಪುಟಕ್ಕೆ ಗೊತ್ತಿರಲಿಲ್ಲ. ಅಳುವಿನ ಪ್ಯಾರಾ ಮುಚ್ಚಿ ಅದರ ಹಿಂದಿನದನ್ನು ನೋಡಿದೆ. ಕೊಳ್ಳುವವನು ಮುಂಗಡ ಎಣಿಸಿ ಕೊಡುತ್ತಾನೆ, ದಾಮು ಮತ್ತೆ ಎಣಿಸುತ್ತಾನೆ, ಗಜಾನನ ಕೇಳುತ್ತಾನೆ: “ದಾದಾ, ನನ್ನ ಪಾಲು ಎಷ್ಟು?” ಕಥೆ ಅಲ್ಲಿಗೇ ಮುಗಿದಿತ್ತು. ಆಮೇಲಿನದೆಲ್ಲ ಓದುವವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಭಯಕ್ಕೆ ಬರೆದದ್ದು. ತೆಗೆದೆ.

ಹೊಸದನ್ನು ಓದಿ ಅತ್ತಿಗೆ ಕೇಳಿದಳು: “ಅಂವಂಗೆ ದುಡ್ಡು ಬೇಕಾ, ಅಣ್ಣನ ಮ್ಯಾಲೆ ಸಿಟ್ಟಾ?” ಈ ಪ್ರಶ್ನೆ ನನಗೆ ಇಷ್ಟವಾಯಿತು. ಮೊದಲಿನದು ಗೊತ್ತಾಗದೆ ಕೇಳಿದ್ದು, ಇದು ಅವನ ಬಗ್ಗೆ ಯೋಚನೆ ಮಾಡುತ್ತಾ ಕೇಳಿದ್ದು. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಮೊದಲನೆಯದಕ್ಕೆ ತಿದ್ದಬೇಕು. ಎರಡನೆಯದನ್ನು ಹಾಗೇ ಬಿಡಬೇಕು ಎಂದು ನನ್ನ ತೀರ್ಮಾನ.

ಇನ್ನೂ ಸರಿಯಾಗದ್ದು ಒಂದಿದೆ. ವಹಿನಿ. ಅವಳ ಸರ ಅಡವಿಟ್ಟ ದುಡ್ಡಿನಿಂದಲೇ ಹೋದ ವರ್ಷ ಇಂಜಿನ್ ಕೆಲಸ ಆಗಿದೆ ಎಂದು ಕಥೆಯಲ್ಲೇ ಇದೆ. ಹಾಗಿದ್ದರೆ ಬೋಟಿನಲ್ಲಿ ಅವಳದೂ ಪಾಲಿದೆ. ಆದರೆ ಅಣ್ಣ ತಮ್ಮ ಮಾತಾಡುವ ಯಾವ ದೃಶ್ಯದಲ್ಲೂ ಅವಳಿಗೆ ಒಂದು ಮಾತಿಲ್ಲ, ಡಬ್ಬಿಯ ಮುಚ್ಚಳ ಒತ್ತಿ ಒಳಗೆ ಹೋಗುತ್ತಾಳೆ. ಅವಳು ಸುಮ್ಮನಿರುವುದು ಅವಳ ಸ್ವಭಾವವಾ, ನಾನು ಅವಳನ್ನು ಕೇಳಿಯೇ ಇಲ್ಲವಾ ಎಂದು ಪುಟದಲ್ಲಿ ತಿಳಿಯುವುದಿಲ್ಲ. ಅದಕ್ಕೆ ಮುಂಗಡ ಎಣಿಸುವ ದೃಶ್ಯವನ್ನು ಅವಳ ಕಡೆಯಿಂದ ಒಂದು ಸಲ ಬರೆದು ನೋಡುತ್ತೇನೆ. ಕಥೆಗೆ ಸೇರಿಸಲು ಅಂತಲ್ಲ, ಅಷ್ಟು ಹೊತ್ತು ಅವಳು ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದಳು, ಅಡವಿನ ಚೀಟಿ ಎಲ್ಲಿಟ್ಟಿದ್ದಳು, ಹೊರಗಿನ ಮಾತು ಎಷ್ಟು ಕೇಳಿಸಿತು ಎಂದು ನನಗೆ ಗೊತ್ತಾಗಬೇಕು. ಅದಾದ ಮೇಲೆ ಗಜಾನನನ ಕೊನೆಯ ಪ್ರಶ್ನೆ ಅಲ್ಲೇ ಉಳಿಯುತ್ತದೋ, ಅವಳ ಬಾಯಿಗೆ ಹೋಗುತ್ತದೋ ನೋಡಬೇಕು.